ಬೆಟಗೇರಿಗೆ ಹೋದ ಉಂಡಿಗಳು

ನನ್ನ ಹೆಂಡತಿ ಸುಮಿತ್ರಾಗೆ ಸೋದರಮಾವನ ಮಗನೊಬ್ಬ ಇದ್ದಾನೆ. ಹೆಸರು ಸೋಮೇಶ, ಊರು ಬೆಟಗೇರಿ. ಇಷ್ಟು ಹೇಳಿದರೆ ಸಾಕು, ನಮ್ಮ ಕಡೆಯ ಗಂಡಸರು ಅರ್ಧ ಕತೆ ತಿಳಿದುಕೊಂಡು ನನ್ನ ಬೆನ್ನು ಸವರುತ್ತಾರೆ. ಸೋದರಮಾವನ ಮಗ ಅಂದರೆ ವರಸೆಯವನು. ಮೂವತ್ತು ವರ್ಷದ ಹಿಂದೆ ಅಡರಕಟ್ಟಿಯಲ್ಲಿ ಹಿರಿಯರು ಕೂತು ಹುಡುಗಿಯನ್ನು ಅವನಿಗೇ ಕೊಡೋಣ ಅಂದಿದ್ದರಂತೆ. ಅದೇನು ಕೂಡಿಬರಲಿಲ್ಲವೋ, ನನಗೆ ಕೊಟ್ಟರು. ಆ ದಿನ ಗೆದ್ದವನು ನಾನು. ಆಮೇಲೆ ದಿನಾ ಗೆಲ್ಲುತ್ತಿರುವವನು ಅವನು.

ಹೋದ ವರ್ಷ ನಮ್ಮಿಬ್ಬರಿಗೂ ಒಂದೇ ದಿನ, ಒಂದೇ ದವಾಖಾನೆಯಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ರಕ್ತಪರೀಕ್ಷೆ ಇದೆಯಲ್ಲ, ಅದರಲ್ಲಿ ಇಬ್ಬರಿಗೂ ಒಂಬತ್ತು. (ಜೀವಮಾನದಲ್ಲಿ ನಾನು ಅವನಿಗೆ ಸರಿಸಮ ನಿಂತದ್ದು ಅದೊಂದೇ ಸಲ.) ಡಾಕ್ಟರು ಇಬ್ಬರಿಗೂ ಅದೇ ಗುಳಿಗೆ, ಅದೇ ಉಪದೇಶ ಕೊಟ್ಟರು: ದಿನಾ ನಡೀರಿ, ಅನ್ನ ಕಡಿಮೆ ಮಾಡಿ ಕಾಳು-ಪಲ್ಯ ಹೆಚ್ಚು ಉಣ್ಣರಿ, ಸಿಹಿ ದೂರ ಇಡ್ರಿ. ಆರು ತಿಂಗಳಲ್ಲಿ ಸೋಮೇಶ ಆರೂವರೆಗೆ ಇಳಿದ. ನಾನು ಒಂಬತ್ತೂವರೆಗೆ ಏರಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ಶ್ರೀ ಸೋಮೇಶ ಪುರಾಣ ಶುರುವಾಯಿತು. ಬೆಳಗಿನ ಚಹಾದ ಹೊತ್ತಿಗೆ ಒಂದು ಅಧ್ಯಾಯ, ಊಟದ ಹೊತ್ತಿಗೆ ಒಂದು.

“ಸೋಮೇಶ ಮಾವ ಚಾದಾಗ ಸಕ್ರಿ ಬಿಟ್ಟಾನಂತ.”

“ಬಿಡ್ಲಿ.”

“ಮಿರ್ಚಿ ಅಂಗಡಿ ಮುಂದ ಹಾದ್ರೂ ಅತ್ತಾಗ ನೋಡಂಗಿಲ್ಲಂತ.”

“ನೆಗಡಿ ಆಗಿರಬೇಕು, ವಾಸನಿ ಬಂದಿರಂಗಿಲ್ಲ.”

“ಪ್ಯಾಂಟೆಲ್ಲಾ ಸಡಲ ಆಗ್ಯಾವಂತ, ಸಣ್ಣ ಮಾಡಸಾಕ ಕೊಟ್ಟಾನಂತ. ನಿಮ್ಮವೂ ಕೊಡೋದೈತಿ, ಬಿಚ್ಚಿ ದೊಡ್ಡವು ಮಾಡಸಾಕ.”

ನನಗೆ ಹೊಟ್ಟೆ ಉರಿಯಿತು. ಖರೆ ಹೇಳುತ್ತೇನೆ, ನನ್ನ ಸಕ್ಕರೆ ಇಳಿಯಲಿ ಅನ್ನುವ ಆಸೆ ನನಗೆ ಅಷ್ಟಾಗಿ ಇರಲಿಲ್ಲ. ಅವನದು ಏರಲಿ ಅನ್ನುವುದಿತ್ತು. ಒಂದು ಸಲ, ಒಂದೇ ಒಂದು ಸಲ, ಸುಮಿತ್ರಾ ಅವನ ಮುಂದೆ ನನ್ನನ್ನು ಹೊಗಳಬೇಕು. ಅದಕ್ಕೆ ಅವನು ಕೆಳಗೆ ಬೀಳುವುದು ಅಗತ್ಯವಾಗಿತ್ತು.

ಅಷ್ಟರಲ್ಲಿ ಪಂಚಮಿ ಬಂತು. ಅಡರಕಟ್ಟಿಯ ತವರುಮನೆಯಿಂದ ದೊಡ್ಡ ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಬೂಂದಿ ಉಂಡಿ ಬಂದವು. “ಇವು ಬಂದ ಮಂದಿಗೆ. ನೀವು ಮುಟ್ಟಿದ್ರ ನೋಡ್ರಿ ಮತ್ತ,” ಎಂದು ಸುಮಿತ್ರಾ ಅದನ್ನು ಅಟ್ಟಕ್ಕೇರಿಸಿದಳು. ಅಟ್ಟ ನನಗೆ ಹೊಸದಲ್ಲ. ಅವಳು ಹಿತ್ತಲಿಗೆ ಹೋದ ಕೂಡಲೇ ಸ್ಟೂಲು ಹತ್ತಿ ಕೈ ಹಾಕಿದೆ. ಉಂಡಿ ಇನ್ನೇನು ಬಾಯಿಗೆ ಬರಬೇಕು, ಆಗ ಜ್ಞಾನೋದಯವಾಯಿತು. (ಕೆಲವರಿಗೆ ಮರದ ಕೆಳಗೆ ಆಗುತ್ತದೆ, ನನಗೆ ಸ್ಟೂಲಿನ ಮೇಲೆ.) ಇದನ್ನು ಸೋಮೇಶನ ಬಾಯಿಗೆ ಹಾಕಿದರೆ? ಪಂಚಮಿಯ ಉಂಡಿ, ಅದೂ ಅವನ ಸ್ವಂತ ಸೋದರತ್ತೆಯ ಮನೆಯದು. ಒಲ್ಲೆ ಅನ್ನಲು ಅವನ ಅಪ್ಪನಿಂದಲೂ ಆಗದು.

ಅವತ್ತೇ ಸಂಜೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಉಂಡಿ ಹಾಕಿ, ಕೈಚೀಲದಲ್ಲಿ ಬಚ್ಚಿಟ್ಟುಕೊಂಡು, “ವಾಕಿಂಗ್ ಹೊಂಟೆ” ಎಂದು ಹೊರಬಿದ್ದೆ. ವಾಕಿಂಗ್ ಅಂದಮೇಲೆ ಸ್ಕೂಟರು ತೆಗೆಯುವ ಹಾಗಿಲ್ಲ. ಗದಗಿನಿಂದ ಬೆಟಗೇರಿಯವರೆಗೆ ಏದುಸಿರು ಬಿಡುತ್ತಾ ನಡೆದೇ ಹೋದೆ.

“ಅಯ್ಯ ದ್ಯಾಮಣ್ಣಾ, ಅತ್ತಿ ಮನಿ ಉಂಡಿ ತಂದಿಯಾ,” ಎಂದ ಸೋಮೇಶ. ಅವನ ಕಣ್ಣಲ್ಲಿ ನೀರೇ ಬಂತು. “ನನ್ನ ನೆನಪ ಇಟ್ಟು, ನಡಕೊಂತ ಬಂದಿಯಲ್ಲೋ.”

“ತಿನ್ನಪಾ, ತಿನ್ನು. ದಿನಾ ತರ್ತೀನಿ,” ಎಂದೆ. ಇದರಲ್ಲಿ ಮಾತ್ರ ನಾನು ಪ್ರಾಮಾಣಿಕನಾಗಿದ್ದೆ.

ಒಂದು ಸಂಗತಿ ಮರೆತಿದ್ದೆ. ಹಬ್ಬದ ಡಬ್ಬಿಯನ್ನು ನಮ್ಮ ಕಡೆ ಯಾರೂ ಖಾಲಿ ಮರಳಿಸುವುದಿಲ್ಲ. ಸೋಮೇಶನ ಹೆಂಡತಿ ಸಾವಂತ್ರೆವ್ವ ಡಬ್ಬಿ ತೊಳೆದು, ಅದರ ತುಂಬ ಮಡಿಕೆಕಾಳಿನ ಉಸಳಿ, ಮೆಂತ್ಯಪಲ್ಯ, ಮೇಲೆ ಎರಡು ಎಳೆ ಸವತಿಕಾಯಿ ಒತ್ತಿ ಕೊಟ್ಟಳು. “ನಮ್ಮ ಮನ್ಯಾಗ ಈಗ ಇದ ಅಡಗಿ ನೋಡ್ರಿ ಅಣ್ಣಾರ,” ಎಂದಳು. ಅದನ್ನು ಮನೆಗೆ ಒಯ್ದರೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬರುತ್ತದೆ. ಚೆಲ್ಲಿದರೆ ಪಾಪ. ದಾರಿಯಲ್ಲಿ ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಪೂರ್ತಿ ಡಬ್ಬಿ ಖಾಲಿ ಮಾಡಿ, ನಳದಲ್ಲಿ ತೊಳೆದುಕೊಂಡು ಮನೆ ಸೇರಿದೆ.

ಊಟಕ್ಕೆ ಕೂತರೆ ಒಂದು ರೊಟ್ಟಿಯ ಮೇಲೆ ಇಳಿಯಲೊಲ್ಲದು.

“ಅಟ್ಟದ ಮ್ಯಾಲಿಂದು ಮೇಯ್ದೀರಿ, ರೊಟ್ಟಿ ಎಲ್ಲಿಂದ ಹೋಗ್ತಾವು?” ಎಂದಳು ಸುಮಿತ್ರಾ. “ನಾಲ್ಕು ಉಂಡಿ ಕಮ್ಮಿ ಅದಾವು. ಸೋಮೇಶ ಮಾವನ್ನ ನೋಡಿ ಕಲೀರಿ.”

ಏನು ಹೇಳಲಿ? ತಿಂದವನೇ ಸೋಮೇಶ ಮಾವ ಅನ್ನಲೇ? ತಿನ್ನದ ಉಂಡಿಗೆ ಬೈಸಿಕೊಳ್ಳುವ ಸಂಕಟ ತಿಂದು ಬೈಸಿಕೊಂಡವರಿಗೆ ಗೊತ್ತಾಗುವುದಿಲ್ಲ. ಹಾಗಾದರೆ ತಿಂದೇಬಿಡಬಹುದಿತ್ತಲ್ಲ ಅನ್ನಬೇಡಿ. ನಾನೊಂದು ತಿಂದರೆ ಅವನಿಗೊಂದು ಕಡಿಮೆ ಬೀಳುತ್ತದೆ. ಆಸೆಯನ್ನು ಹಲ್ಲು ಕಚ್ಚಿ ತಡೆದೆ.

ಪಂಚಮಿಯ ಉಂಡಿ ಮುಗಿಯುವಷ್ಟರಲ್ಲಿ ಗಣಪತಿಯ ಕಡುಬು, ಆಮೇಲೆ ದಸರೆಯ ಹೋಳಿಗೆ. ಹೀಗೆ ದೀಪಾವಳಿಯವರೆಗೆ, ಗಾಳಿಯಿರಲಿ ಮಳೆಯಿರಲಿ, ಸಂಜೆಯಾದರೆ ನಾನು ಬೆಟಗೇರಿ ದಾರಿಯಲ್ಲಿ. ಹೋಗುವಾಗ ಡಬ್ಬಿಯಲ್ಲಿ ಸಿಹಿ, ಬರುವಾಗ ಹೊಟ್ಟೆಯಲ್ಲಿ ಕಾಳು.

ದೀಪಾವಳಿ ಮುಗಿದ ಮೇಲೆ ಇಬ್ಬರ ಪರೀಕ್ಷೆಯೂ ಒಟ್ಟಿಗೆ ಬಂತು. ಹೆಂಡಂದಿರನ್ನೂ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಮೊದಲು ನನ್ನ ಚೀಟಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ದ್ಯಾಮಪ್ಪನೋರ, ಏಳಕ್ಕ ಬಂದೀರಿ. ಏನ್ ಮಾಡಿದ್ರಿ?”

ನನಗೇ ಗೊತ್ತಿಲ್ಲದ್ದನ್ನು ಹೇಳುವುದು ಹೇಗೆ? ಅದಿರಲಿ, ಅವನದೆಷ್ಟು ಅಂತ ನನ್ನ ಜೀವ ಕುದಿಯುತ್ತಿತ್ತು.

“ಸೋಮೇಶಂದು ಆರೂವರಿ. ಇದ್ದಲ್ಲೇ ಐತಿ.”

“ಇರಾಕ ಸಾಧ್ಯ ಇಲ್ರಿ,” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. “ಮೂರು ತಿಂಗಳಿಂದ ದಿನಾ ಉಂಡಿ ತಿಂದಾನ.”

ಸೋಮೇಶ ಎದ್ದು ನನ್ನ ಕೈ ಹಿಡಿದುಕೊಂಡ. “ಖರೇನ ರೀ ಡಾಕ್ಟ್ರ. ಈ ಪುಣ್ಯಾತ್ಮ ತನ್ನ ಪಾಲಿನ ಸಿಹಿ ತಾ ಮುಟ್ಟಲಾರದ, ದಿನಾ ನಡಕೊಂತ ತಂದು ನನಗ ಕೊಟ್ಟಾನ. ನಾ ಅರ್ಧ ತಿಂತಿದ್ದೆ, ಉಳಿದಿದ್ದು ಮನಿ ಮಂದಿಗೆ. ಸಿಹಿ ತಿಂದ ದಿನ ಒಂದು ರೊಟ್ಟಿ ಬಿಟ್ಟು ಎರಡು ಸುತ್ತು ಹೆಚ್ಚಿಗಿ ನಡೀತಿದ್ದೆ.”

ಅಂದರೆ ಮೂರು ತಿಂಗಳು ಅವನು ಉಂಡಿಯನ್ನೂ ತಿಂದ, ಆರೂವರೆಯನ್ನೂ ಇಟ್ಟುಕೊಂಡ. ನಾನು ಡಬ್ಬಿಯನ್ನೂ ಬೈಗುಳವನ್ನೂ ಹೊತ್ತುಕೊಂಡು ತಿರುಗಿದೆ.

ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕಳ್ಳ ಅಂತ ದಿನಾ ಬೈದೆನಲ್ರೀ. ಒಂದ ಮಾತೂ ಆಡಲಿಲ್ಲ ನೀವು. ಮಾವಾ, ನನ್ನ ಗಂಡನಂಥಾ ಮನಶ್ಯಾ ಇಡೀ ಜಿಲ್ಲಾದಾಗ ಇಲ್ಲ ನೋಡು.”

ಹೇಳಿಬಿಟ್ಟಳು. ಸೋಮೇಶನ ಮುಂದೆಯೇ, ಮೂವತ್ತು ವರ್ಷದಿಂದ ಕಾದ ಮಾತು. ನಾನು ಎದೆಯುಬ್ಬಿಸಿ ಕೂತೆ. ಡಾಕ್ಟರಿಗೂ ಖುಷಿಯಾಯಿತು.

“ಗುಳಗಿ ಬಿಡಬ್ಯಾಡ್ರಿ, ನಡಿಗಿ ಬಿಡಬ್ಯಾಡ್ರಿ. ಆದ್ರ ಹಬ್ಬಕ್ಕ ಸೋಮೇಶನಂಗ ಲೆಕ್ಕ ಹಿಡಿದು ನೀವೂ ಅರ್ಧ ಉಂಡಿ ತಿನ್ನಬಹುದು.”

ನನ್ನ ಬಾಯಲ್ಲಿ ನೀರೂರಿತು.

“ಅವರು ಒಲ್ರಿ ಡಾಕ್ಟ್ರ,” ಎಂದಳು ಸುಮಿತ್ರಾ, ಹೆಮ್ಮೆಯಿಂದ. “ಅವರು ತಮ್ಮ ಪಾಲು ಮಾವಗ ಬಿಟ್ಟುಕೊಟ್ಟಾರ.”

ಒಲ್ಲೆ ಅಂದವರು ಯಾರು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಿದರೆ ಜಿಲ್ಲೆಗೊಬ್ಬ ಗಂಡ ಅನ್ನುವ ಪದವಿ ಹೋಗುತ್ತಿತ್ತು.

ಈಗ ಡಬ್ಬಿಯನ್ನು ಅವಳೇ ತುಂಬಿ ಕೊಡುತ್ತಾಳೆ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗಿನಿಂದ ಫೋನಿನ ಮಾತು ಕೇಳಿಸುತ್ತದೆ: “ಮಾವಾ, ಅವರು ಹೊಂಟಾರ. ಹನ್ನೆರಡು ಕರ್ಚಿಕಾಯಿ ಕಳಿಸೀನಿ, ಎಣಿಸಿ ತಗೋ.”