ದೊಡ್ಡವ್ವನ ಕಾದಂಬರಿ ವೈರಿಗಳು

ದುಂಡಸಿಯ ನಮ್ಮ ದೊಡ್ಡವ್ವನಿಗೆ ಬದುಕಿರುವವರ ಪೈಕಿ ವೈರಿಗಳೇ ಇಲ್ಲ. ಎಲ್ಲರೂ ಕಾದಂಬರಿಗಳಲ್ಲಿದ್ದಾರೆ. ಸೊಸೆಯ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಆಕೆ ಕಾದಂಬರಿ ಓದುವುದಿಲ್ಲ, ಓದಿಸುತ್ತಾಳೆ. ಒಲೆಯ ಮುಂದೆ ಆಕೆ ಜೋಳದ ರೊಟ್ಟಿ ಬಡಿಯುವಾಗ ನಾನು ಎದುರಿಗೆ ಕುಳಿತು, ಒಂದೊಂದು ಪಾತ್ರಕ್ಕೆ ಒಂದೊಂದು ದನಿ ಹಾಕಿ ಓದಬೇಕು. ಊರವರ ದನಿಯನ್ನೆಲ್ಲ ಅಣಕಿಸಿ ಸ್ವಂತ ದನಿ ಯಾವುದೆಂದೇ ಮರೆತ ನನಗೆ ಇದಕ್ಕಿಂತ ಒಳ್ಳೆಯ ನೌಕರಿ ಎಲ್ಲಿ ಸಿಕ್ಕೀತು? ಪಗಾರ, ಬಿಸಿ ರೊಟ್ಟಿ. ಅದೂ ಪಾತ್ರಗಳ ಗುಣದ ಮೇಲೆ. ಒಳ್ಳೆಯವನು ಬಂದರೆ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ. ಮೋಸಗಾರ ಬಂದನೋ, ಬಡಿತಕ್ಕೆ ನಡುವೆಯೇ ಹರಿಯಿತು!

ಅಭಿಪ್ರಾಯವಾದರೂ ಗಟ್ಟಿಯೇ? ಒಂದು ಕಾದಂಬರಿಯ ವಕೀಲನನ್ನು ಮೊದಮೊದಲು "ಬಂಗಾರದಂಥಾ ಮನಶ್ಯಾ" ಅಂದಳು. ಅವನು ತನ್ನ ಅಣ್ಣನ ಹೊಲ ಬರೆಸಿಕೊಂಡ ಕೂಡಲೇ, "ನನಗ ಮೊದಲ ಗೊತ್ತಿತ್ತು. ಅವನ ನಗಿನ ಸರಿ ಇದ್ದಿದ್ದಿಲ್ಲ" ಅಂದಳು.

"ದೊಡ್ಡವ್ವ, ಆ ನಗಿ ಪುಸ್ತಕದಾಗಿಲ್ಲ. ನಾ ಹಾಕಿದ್ದು."

"ಹಂಗಾರ ನೀನೂ ಸರಿ ಇಲ್ಲ ತಗೋ."

ಅವತ್ತು ನನಗೆ ಹರಿದ ರೊಟ್ಟಿ.

ಈಗ ಸೊಸೆ. ಹೋದ ಚಳಿಗಾಲ ಮಾತಿಗೆ ಮಾತು ಬೆಳೆದು ಆಕೆ ಆಡೂರಿನ ತವರಿಗೆ ಹೋಗಿ ಕುಳಿತಳು. "ತಾನಾಗೇ ಬರ್ಲಿ, ನಾ ಫೋನ್ ಮಾಡಂಗಿಲ್ಲ" ಎಂದು ದೊಡ್ಡವ್ವ ಪಟ್ಟು ಹಿಡಿದಳು. ಆಕೆಯ ಮಗ, ನಮ್ಮಣ್ಣ, ಎರಡೂ ಊರಿನ ಬಸ್ಸು ಹತ್ತಿ ಇಳಿದು ಸೊರಗಿದ.

ಅದೇ ಹೊತ್ತಿಗೆ ನಾನು ಗ್ರಂಥಾಲಯದಿಂದ ತಂದ ಕಾದಂಬರಿಯಲ್ಲೂ ಒಬ್ಬಳು ಸೊಸೆ, ಒಬ್ಬಳು ಬಾಯಿಬಡಕ ಅತ್ತೆ. ನನ್ನ ನಾಲಿಗೆ ತುರಿಸಿತು. ಆ ಅತ್ತೆಗೆ ದೊಡ್ಡವ್ವನದೇ ದನಿ ಹಾಕಿದೆ. ಅದೇ ಮೂಗಿನ ರಾಗ, ಮಾತಿನ ಕೊನೆಗೆ ಅದೇ "ತಿಳೀತಿಲ್ಲೋ". ಅಣ್ಣ ನಗು ತಡೆಯಲಾರದೆ ಹಿತ್ತಲಿಗೆ ಓಡಿದ. ದೊಡ್ಡವ್ವನಿಗೆ ಮಾತ್ರ ಗುರುತೇ ಸಿಗಲಿಲ್ಲ.

"ಏನ್ ಬಾಯಿನೋ ತಮ್ಮಾ ಇಕೀದು! ಇಂಥಾಕಿ ಕೂಡ ಯಾವ ಸೊಸಿ ಬಾಳೇ ಮಾಡ್ಯಾಳು?" ಎಂದು ಬಡಿದಳು. ರೊಟ್ಟಿ ಎರಡು ಹೋಳಾಯಿತು.

ಮರುದಿನ ಕಾದಂಬರಿಯ ಸೊಸೆ ಮನೆ ಬಿಟ್ಟಳು. ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡಳು.

"ಪಾಪ, ಬಾಯಿ ಅಷ್ಟ ಕೆಟ್ಟದ್ದು. ಮನಸು ಹಂಗಿಲ್ಲ ತಗೋ." ದೊಡ್ಡವ್ವನ ಅಭಿಪ್ರಾಯ ತಿರುಗತೊಡಗಿತ್ತು.

ಮುಂದಿನ ಸಾಲಿನಲ್ಲಿ ಅತ್ತೆ ಅಳಬೇಕಿತ್ತು. ಬಾಯಿ ತೆರೆದೆ. ದನಿ ಹೊರಡಲಿಲ್ಲ.

"ಯಾಕ ನಿಂತಿ? ಓದು."

"ಅಳೂದು ಬರವಲ್ದು, ದೊಡ್ಡವ್ವ."

"ಊರ ಮಂದೀದೆಲ್ಲಾ ಮಾಡ್ತಿ, ಇಕೀದೊಂದು ಬರೂದಿಲ್ಲೇನು?"

"ನೀ ಅತ್ತದ್ದು ನಾ ಯಾವತ್ತೂ ಕೇಳಿಲ್ಲ" ಎಂದು ಬಾಯಿ ತಪ್ಪಿ ಆಡಿಬಿಟ್ಟೆ.

ಬಡಿಯುತ್ತಿದ್ದ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಆಮೇಲೆ ಕೇಳಿದಳು: "ಹಂಗ ಮಾತಾಡ್ತೇನೇನ ನಾ?"

ನಾನು ಪುಸ್ತಕ ಮುಚ್ಚಿದೆ.

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಆಡೂರಿಗೆ ಹಚ್ಚು" ಅಂದಳು. ಮೊಬೈಲ್ ಹಚ್ಚಿ ಕೊಟ್ಟೆ.

"ಯವ್ವಾ, ನಾನು. ಉಂಡೇನ?"

ಮುಂದಿನ ಮಾತಿಗೆ ದನಿ ಒಡೆಯಿತು.

ಆ ದನಿ ಈಗ ನನಗೆ ಬಾಯಿಪಾಠ. ಎಷ್ಟು ಕೇಳಿದರೂ ಯಾರಿಗೂ ಮಾಡಿ ತೋರಿಸಿಲ್ಲ.