ಎಡಕ್ಕೇ ಓಡುವ ಸಿಪಾಯಿಯ ನಿಗ್ರಹ

ಕೇಳಿರಿ, ಕಲಿಯುಗದ ಮಹಾಜನಗಳೇ! ಬೆರಳ ತುದಿಯಿಂದ ಬ್ರಹ್ಮಾಂಡವನ್ನೇ ಸವರುವ, ಚಾರ್ಜು ಕುಂದಿದೊಡನೆ ಪ್ರಾಣವೇ ಕುಂದಿತೆಂದು ಕಳವಳಿಸುವ ಈ ಪುಣ್ಯಕಾಲದಲ್ಲಿ, ತುಮಕೂರೆಂಬ ಪಟ್ಟಣದಲ್ಲಿ, ನಲ್ಲಿಯಲ್ಲಿ ನೀರು ಬರುವ ದಿನ ಮಾತ್ರ ಕೋಲಾಹಲವೇಳುವ ಒಂದು ಅಡ್ಡರಸ್ತೆಯಲ್ಲಿ, ಮಿತಭಾಷಿಣಿಯೂ ಕೋಣೈಕವಾಸಿನಿಯೂ ವಿಜ್ಞಾನಪದವೀವಿಭೂಷಿತೆಯೂ ಆದ ಇಂಚರಾ ಎಂಬ ಕನ್ಯಾಮಣಿಯಿದ್ದಳು. ಹೆಸರು ಇಂಚರವಾದರೂ ಕಂಠದಿಂದ ದನಿ ಹೊರಡುವುದು ಅಪರೂಪ. ನೆಂಟರು ಗೇಟು ತೆರೆದ ಸದ್ದಾದರೆ ಆಕೆ ಕೋಣೆ ಸೇರುವ ವೇಗವನ್ನು ಕಂಡು ಬಿಟ್ಟ ಬಾಣವೂ ನಾಚಬೇಕು. ಇಂಥವಳ ಪರಾಕ್ರಮವನ್ನು ಬಣ್ಣಿಸಹೊರಟ ನಮಗೆ ವಿಘ್ನರಾಜನು ಧೈರ್ಯವನ್ನೂ ವಾಗ್ದೇವಿಯು ಪದಗಳನ್ನೂ ದಯಪಾಲಿಸಲಿ. ಮಿಕ್ಕದ್ದನ್ನು ನಾವೇ ನೋಡಿಕೊಳ್ಳುತ್ತೇವೆ.

ಯುದ್ಧಕ್ಕೆ ಕಾರಣವೇನೆಂದರೆ, ಅಣ್ಣನ ಕೈಹಿಡಿದು ತಿಪಟೂರಿನಿಂದ ಬಂದ ಅತ್ತಿಗೆ ತೇಜಸ್ವಿನಿ. ಮದುವೆಯಾಗಿ ಎರಡು ಹಬ್ಬ ಕಳೆದರೂ ಅತ್ತಿಗೆ ನಾದಿನಿಯರ ನಡುವೆ "ನೀರು ಕೊಡ್ಲಾ?", "ಬೇಡ ಅತ್ಗೆ" ಎಂಬುದಕ್ಕಿಂತ ದೀರ್ಘವಾದ ಸಂವಾದ ಜರುಗಿರಲಿಲ್ಲ. ಆದರೆ ಆಯುಧಪೂಜೆಯ ಬೆಳಿಗ್ಗೆ, ಚೆಂಡುಹೂ ಪೋಣಿಸುತ್ತ ಕುಳಿತಾಗ, ಅತ್ತಿಗೆ ತನ್ನಷ್ಟಕ್ಕೇ ನಕ್ಕು ಹೇಳಿದಳು: "ಚಿಕ್ಕೋಳಿದ್ದಾಗ ನಮ್ಮನೇಲಿ ಟಿವಿಗೆ ಸಿಗ್ಸೋ ವಿಡಿಯೋ ಗೇಮ್ ಇತ್ತು ಕಣ್ರೀ. ಕೆಂಪ್ ಟೋಪಿ ಸಿಪಾಯಿ, ಇಟ್ಗೆ ಕೋಟೆ ಕಾಯೋದು. ಅದ್ರ ಹುಚ್ಚಿಗೆ ಎಷ್ಟ್ ಏಟು ತಿಂದಿದೀನಿ!"

ಆಗ ಇಂಚರೆಯ ಬಾಯಿಂದ, ಅವಳಿಗೇ ತಿಳಿಯದಂತೆ, ಮಾತು ಹೊರಬಿತ್ತು: "ಅದು ಫೋನಲ್ಲೂ ಬರತ್ತೆ ಅತ್ಗೆ. ನಾಳೆ ತೋರಿಸ್ತೀನಿ."

ಆಡಿದ ಮಾತು ಪ್ರತಿಜ್ಞೆಯಾಯಿತು. ನಾಳೆಯೆಂಬುದು ವಿಜಯದಶಮಿಯಾಗಿ ಉದಯಿಸಿತು. ಅಂದು ಮಧ್ಯಾಹ್ನದ ಬಸ್ಸಿಗೇ ಅತ್ತಿಗೆಯ ತವರುಪ್ರಯಾಣ. ಮರಳುವುದು ದೀಪಾವಳಿ ಕಳೆದ ಮೇಲೆ. ಸಿಪಾಯಿ ಕುಣಿದರೆ ಸ್ನೇಹ. ಕುಣಿಯದಿದ್ದರೆ ಮತ್ತೆ ಅದೇ ನೀರು ಕೊಡ್ಲಾ, ಅದೇ ಬೇಡ ಅತ್ಗೆ!

ಇಳಿಗೆಮಣೆ, ಮಿಕ್ಸಿ, ಸುತ್ತಿಗೆಗಳ ಸಾಲಿನಲ್ಲಿ ದೇವರ ಮುಂದೆ ರಾತ್ರಿ ಕಳೆದಿದ್ದ ಫೋನನ್ನು, ಬನ್ನಿಮರದಿಂದ ಆಯುಧವನ್ನಿಳಿಸುವ ಕ್ಷತ್ರಿಯರ ಗಾಂಭೀರ್ಯದಿಂದ ಕೈಗೆತ್ತಿಕೊಂಡ ಇಂಚರೆಯು, ಹಳೆಯ ಆಟಗಳಿಗೆ ಹೊಸ ಫೋನಿನಲ್ಲಿ ಮರುಜನ್ಮ ಕೊಡುವ ಎಮ್ಯುಲೇಟರ್ ಎಂಬ ಮಾಯಾಯಂತ್ರವನ್ನೂ ಸಿಪಾಯಿಯಾಟದ ಫೈಲನ್ನೂ ಇಳಿಸಿಕೊಂಡಳು. ನಡುಮನೆಯ ದಿವಾನದ ಮೇಲೆ ಅತ್ತಿಗೆ ಪಕ್ಕಕ್ಕೆ ಬಂದು ಕುಳಿತಳು. ಆಟ ತೆರೆಯಿತು. ಅಮಾವಾಸ್ಯೆಯ ಆಕಾಶದಂತೆ ಪರದೆಯೆಲ್ಲ ಕಪ್ಪು.

"ಕರೆಂಟ್ ಹೋಗಿದ್ಯಾ?" ಎಂದಳು ಅತ್ತಿಗೆ.

ಗಂಟು ಬಿಚ್ಚದ ಬುತ್ತಿಯನ್ನು ಬಡಿಸಿದಂತೆ, ಆಟದ ಜಿಪ್ ಫೈಲನ್ನು ಬಿಚ್ಚದೆಯೇ ಯಂತ್ರಕ್ಕೆ ಉಣಿಸಿದ್ದು ಇಂಚರೆಯ ಅರಿವಿಗೆ ಬಂತು. ಬಿಚ್ಚಿದಳು. ಒಡನೆಯೇ ಇಟ್ಟಿಗೆಯ ಕೋಟೆ ಮೂಡಿತು, ಕೀಂಕೀಂಕಾರ ಮೊಳಗಿತು, ಕೆಂಪು ಟೋಪಿಯ ಸಿಪಾಯಿ ಪ್ರತ್ಯಕ್ಷನಾದ. ಅತ್ತಿಗೆ ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ, ಅಯ್ಯೋ ವಿಧಿಯೇ, ಯಾರೂ ಮುಟ್ಟದಿದ್ದರೂ ಆ ದುರುಳನು ಎಡಕ್ಕೆ ಓಡತೊಡಗಿದನು! ಬಲಕ್ಕೆ ಒತ್ತಿದರೂ ಎಡಕ್ಕೆ, ಮೇಲಕ್ಕೆ ಒತ್ತಿದರೂ ಎಡಕ್ಕೆ. ಗೋಡೆಗೆ ಮುಖವಿಟ್ಟು ಅಲ್ಲೇ ಕಾಲು ಬಡಿಯುತ್ತಿದ್ದ ಅವನನ್ನು ಶತ್ರುಗಳು ನಿಧಾನವಾಗಿ ಬಂದು ಕೊಂದರು.

"ಇದ್ಯಾಕ್ರೀ ಹಿಂಗ್ ಓಡ್ತಾನೆ? ಸಾಲಗಾರನ್ನ ಕಂಡೋನ್ ತರ!"

ಇಂಚರೆಯ ಕಿವಿ ಕೆಂಪೇರಿತು. ಆಕೆಯ ಅಂತರಂಗದಲ್ಲಿ ವೀರವಾಣಿಯೊಂದು ಗುಡುಗಿತು: "ಎಲೈ ಟೋಪೀಧರನೇ, ಕ್ಷುದ್ರಚೌಕಕಾಯನೇ! ನನ್ನನ್ನು ಯಾರೆಂದು ಬಗೆದೆ? ಸೆಮಿಸ್ಟರುಗಳೆಂಬ ಆರಾರು ಸಾಗರಗಳನ್ನು ಈಜಿ ದಡ ಸೇರಿದವಳು ನಾನು! ಭೌತಶಾಸ್ತ್ರದ ವೈವಾದಲ್ಲಿ ಮೂವರು ಪರೀಕ್ಷಕರೆದುರು ನಡುಗುತ್ತಲಾದರೂ ನಿಂತಿದ್ದವಳು ನಾನು! ನಿನ್ನನ್ನು ಬಲಕ್ಕೆ ತಿರುಗಿಸದೆ ಇಂದು ಹೋಳಿಗೆಯನ್ನು ಮುಟ್ಟಲಾರೆ!"

ಬಾಯಿಂದ ಹೊರಟದ್ದು ಇಷ್ಟೇ: "ಆಗತ್ತೆ ಅತ್ಗೆ. ಒಂದ್ನಿಮಿಷ."

ಆಮೇಲೆ ನಡೆದ ಕಾಳಗವನ್ನು ಏನೆಂದು ವರ್ಣಿಸೋಣ! ಸೆಟ್ಟಿಂಗ್ಸೆಂಬ ದುರ್ಗಮಾರಣ್ಯವನ್ನು ಹೊಕ್ಕು, ಗುಂಡಿಗಳ ಗಾತ್ರ ಬದಲಿಸುವ ವ್ಯೂಹವನ್ನು ರಚಿಸಿದಳು. ಸಿಪಾಯಿ ಎಡಕ್ಕೆ ಓಡಿದ. ಕ್ಯಾಶೆಂಬ ಆ್ಯಪಿನ ಹಳೆಯ ಕಸವನ್ನು ಅಳಿಸುವ ಶೋಧನಾಸ್ತ್ರವನ್ನು ಬಿಟ್ಟಳು, ಎಡಕ್ಕೆ ಓಡಿದ. ರೀಸ್ಟಾರ್ಟೆಂಬ ಪುನರ್ಜನ್ಮಾಸ್ತ್ರ! ಹೊಸ ಜನ್ಮದಲ್ಲೂ ಎಡಕ್ಕೇ. ಕಡೆಗೆ ಕಣ್ಣುಮುಚ್ಚಿ, ಆ್ಯಪನ್ನೇ ಕಿತ್ತೊಗೆದು ಮತ್ತೆ ಪ್ರತಿಷ್ಠಾಪಿಸುವ ಪ್ರಳಯಾಸ್ತ್ರವನ್ನೂ ಪ್ರಯೋಗಿಸಿದಳು. ಪ್ರಳಯವಾಯಿತು, ಸೃಷ್ಟಿಯಾಯಿತು, ಸಿಪಾಯಿ ಇನ್ನಷ್ಟು ಹುರುಪಿನಿಂದ ಎಡಕ್ಕೆ ಓಡಿದ.

ಅಡುಗೆಮನೆಯ ಬಾಗಿಲಲ್ಲಿ, ಸೌಟುಹಸ್ತೆಯಾಗಿ ತಾಯಿ ಪಂಕಜಮ್ಮ ಕಾಣಿಸಿಕೊಂಡರು. "ಮೂರ್ ವರ್ಷ ಸೈನ್ಸ್ ಓದ್ಸಿದೀವಿ. ಒಬ್ಬ ಸಿಪಾಯೀನ ಬಲಕ್ಕೆ ತಿರುಗ್ಸಕ್ಕಾಗಲ್ವೇನೇ?"

"ಅಮ್ಮಾ, ಸುಮ್ನಿರು!"

"ನಾನ್ ಸುಮ್ನೇ ಇದೀನಿ. ಅವ್ನೇ ಸುಮ್ನಿರ್ತಿಲ್ಲ."

ಅಣ್ಣ ಆಟೋ ಕರೆತರಲು ಹೊರಟೇಹೋಗಿದ್ದ. ಅತ್ತಿಗೆಯ ಬ್ಯಾಗು ಬಾಗಿಲ ಬಳಿ ಬಂದು ಕುಳಿತಿತ್ತು. ಇಂಚರೆಯ ಕಣ್ಣಂಚು ಒದ್ದೆಯಾಯಿತು. "ಬಿಡಿ ಅತ್ಗೆ, ನಿಮಗೆ ಹೊತ್ತಾಗತ್ತೆ," ಎನ್ನುವ ಶರಣಾಗತಿಯ ವಾಕ್ಯ ನಾಲಗೆಯ ತುದಿಗೆ ಬಂದುಬಿಟ್ಟಿತ್ತು.

"ಇಲ್ ಕೊಡಿ," ಎಂದು ಅತ್ತಿಗೆ ಫೋನನ್ನು ಕಿತ್ತುಕೊಂಡಳು. "ನಮ್ ಕಾಲ್ದಲ್ಲಿ ಆಟ ಕೆಟ್ರೆ ಕ್ಯಾಸೆಟ್ ತೆಗ್ದು ಉಫ್ ಅಂತ ಊದ್ತಿದ್ವಿ, ಸರಿಹೋಗ್ತಿತ್ತು. ಇದಕ್ಕೆಲ್ಲಿ ಊದೋದು?" ಎನ್ನುತ್ತ ಹಿಂದೆ ಮುಂದೆ ತಿರುಗಿಸಿ, ಊದಲೊಂದು ಜಾಗ ಹುಡುಕುತ್ತ, ರಬ್ಬರಿನ ಪೌಚನ್ನೇ ಎಳೆದು ತೆಗೆದಳು.

ಘಮ್ಮೆಂದಿತು.

ಪೌಚಿನ ಅಂಚು ಪರದೆಯನ್ನು ಕಚ್ಚಿ ಹಿಡಿದಿದ್ದೆಡೆ, ಎಡಗುಂಡಿಯ ಒತ್ತಿಗೇ, ಇನ್ನೂ ಆರದ ಗಂಧದ ಮುದ್ದೆ! ಅದರ ಮೇಲೆ ಕುಂಕುಮದ ಬೊಟ್ಟು, ಅಂಟಿಕೊಂಡ ಒಂದು ಅಕ್ಷತೆ ಕಾಳು. ಅದೃಶ್ಯವಾದೊಂದು ಬೆರಳಿನಂತೆ ಆ ಹಸಿಗಂಧವೇ ಇಷ್ಟು ಹೊತ್ತೂ ಸಿಪಾಯಿಯನ್ನು ಎಡಕ್ಕೆ ನೂಕುತ್ತಿತ್ತು.

"ಅಮ್ಮಾ! ಫೋನಿಗೆ ಗಂಧ ಹಚ್ಚಿದ್ಯಾ?"

"ಹಚ್ದೆ ಮತ್ತೆ! ಪೂಜೆಗಿಟ್ಟ ಆಯುಧಕ್ಕೆ ಪೌಚಿನ್ ಮೇಲೆ ಹಚ್ಚಿದ್ರೆ ಪೌಚಿಗೆ ಸೇರತ್ತೆ, ಫೋನಿಗೆ ಹೆಂಗ್ ಸೇರತ್ತೆ? ಬಿಚ್ಚಿ ಹಚ್ಚಿ, ಹಾಕಿಟ್ಟೆ. ಅಲ್ಲೇ ಒರ್ಸಿ ನೆಲಕ್ಕೆ ಬೀಳಿಸ್ಬೇಡ, ತುಳಸಿ ಗಿಡಕ್ಕೆ ಹಾಕು."

ಅತ್ತಿಗೆ ನಗು ತಡೆಯಲಾರದೆ ದಿಂಬಿಗೆ ಮುಖವಿಟ್ಟಳು. ಇಂಚರೆಯು ಒದ್ದೆ ಹತ್ತಿಯಿಂದ ಗಂಧವನ್ನೊರೆಸಿ, ಧಾವಿಸಿ ತುಳಸಿಗೆ ಸಮರ್ಪಿಸಿ, ಧಾವಿಸಿ ಬಂದಳು. ಆಗ ಸಿಪಾಯಿಯು, ಆಹಾ, ನಿಂತನು! ಬಲಕ್ಕೆಂದರೆ ಬಲಕ್ಕೆ ನಡೆದನು! ಬೀದಿಯಲ್ಲಿ ಆಟೋದ ಹಾರ್ನ್ ಕೇಳಿಸಿತು.

"ಒಂದೇ ಆಟ!" ಎಂದು ಅತ್ತಿಗೆ ಫೋನಿನ ಒಂದು ತುದಿ ಹಿಡಿದಳು. "ನಾನು ಓಡಿಸ್ತೀನಿ, ನೀವು ಗುಂಡು ಹಾರ್ಸಿ."

ಭುಜಕ್ಕೆ ಭುಜ ತಾಗಿತು. ಸಿಪಾಯಿ ರಣರಂಗಕ್ಕಿಳಿದನು. ದಿಕ್ಪಾಲಕರು ಉಸಿರು ಬಿಗಿಹಿಡಿದರು. ಅತ್ತಿಗೆಯು ಶತ್ರುವಿನ ಬೆನ್ನುಹತ್ತಿ ಸಿಪಾಯಿಯನ್ನು ಗಿರ್ರನೆ ಹಿಂತಿರುಗಿಸಿದ ಕ್ಷಣದಲ್ಲೇ, ಇಷ್ಟು ಹೊತ್ತಿನ ರೋಷವನ್ನೆಲ್ಲ ಹೆಬ್ಬೆರಳಿಗೆ ತಂದುಕೊಂಡ ಇಂಚರೆಯು ಗುಂಡು ಹಾರಿಸಿದಳು. ಗುಂಡು ನೇರವಾಗಿ ಹೋಗಿ ಅವರದೇ ಕೋಟೆಗೆ ಬಡಿಯಿತು. ಆಟ ಮುಗಿಯಿತು.

"ಏನೇ ಮಾಡ್ದೆ ಕೋತಿ!" ಅತ್ತಿಗೆ ಕಿರುಚಿದಳು. "ನಮ್ ಕೋಟೇನೇ ಹೊಡ್ದಲ್ಲೇ!"

"ನೀವ್ಯಾಕ್ ತಿರುಗಿದ್ರಿ?"

"ನೀನ್ಯಾಕೆ ಒತ್ತಿದ್ದು? ಕಣ್ ಕಾಣ್ಸಲ್ವಾ?"

ಅಣ್ಣ ಬಂದು ಬ್ಯಾಗು ಎತ್ತಿಕೊಂಡಾಗಲೂ ಜಗಳ ನಿಲ್ಲಲಿಲ್ಲ, ಗೇಟಿನವರೆಗೂ ನಡೆಯಿತು. ಆಟೋ ಹೊರಟ ಮೇಲೆ ಅತ್ತಿಗೆಯ ತಲೆ ಪಕ್ಕದಿಂದ ಹೊರಬಂತು: "ನಾನ್ ಬರೋವರ್ಗೂ ಒಬ್ಳೇ ಆಡ್ಬೇಡ್ವೇ!"

ಆಗ ಮಿತಭಾಷಿಣಿಯೂ ಕೋಣೈಕವಾಸಿನಿಯೂ ಆದ ಇಂಚರೆಯು ನಡುಬೀದಿಯಲ್ಲಿ ನಿಂತು, ಎಂಟು ದಿಕ್ಕುಗಳೂ ಮೊಳಗುವಂತೆ ಘರ್ಜಿಸಿದಳು: "ಇಲ್ಲಾ ಅತ್ಗೇ!"

ಎದುರುಮನೆಯ ಕಿಟಕಿ ಥಟ್ಟನೆ ತೆರೆಯಿತು. "ಏನಾಯ್ತಮ್ಮಾ? ಯಾರ್ ಕೂಗಿದ್ದು?"

"ಏನಿಲ್ಲ ಆಂಟಿ," ಎಂದು ಪಿಸುಗುಟ್ಟಿ, ವೀರಾಗ್ರಣಿಯು ಹೋಳಿಗೆ ತಿನ್ನಲು ಒಳಗೆ ಓಡಿದಳು.