ನಮ್ಮೂರ ಪಂದ್ಯದ ದೋಣಿ, ಮನೆಗೊಬ್ಬ ಮಾಲೀಕ

ನಮ್ಮೂರ ಪಂದ್ಯದ ದೋಣಿ ನೀರಿಗಿಳಿದ ದಿನ ಏನೂ ಆಗದೆ ನಾವು ಮನೆಗೆ ಬಂದದ್ದು ನನಗಂತೂ ನೆನಪಿಲ್ಲ. ಮಾನ್ವಿ ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಊರು ನಮ್ಮದು. ಒಂದು ಬೇಸಿಗೆ ಇಡೀ ಊರಿಗೆ ಮೋಟಾರು ದೋಣಿ ಪಂದ್ಯದ ಹುಚ್ಚು ಹಿಡಿಯಿತು. ದೋಣಿಯ ಖರ್ಚಿಗೆ ಮನೆಗೊಂದು ಭತ್ತದ ಚೀಲ ಕೊಟ್ಟರು. ಚೀಲ ಕೊಟ್ಟವರೆಲ್ಲ ಮಾಲೀಕರು. ನಾನು ಪಂಪ್‌ಸೆಟ್ ರಿಪೇರಿಯವ, ಎಂಜಿನ್ ನನ್ನ ಕೊರಳಿಗೆ ಬಿತ್ತು. ನೀರನ್ನು ಸೀಳದೆ ಅದರ ಮೇಲೆ ಜಾರಿಕೊಂಡು ಓಡುವ, ಚಪ್ಪಟೆ ತಳದ ದೋಣಿ ನಮಗೆ ಬೇಕಿತ್ತು. ಅಂಥದ್ದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ, ಮೊಬೈಲಿನಲ್ಲಿ ನೋಡಿದ್ದೆವು ಅಷ್ಟೆ.

ಬಡಿಗೇರ ಅಜ್ಜನ ದೋಣಿ

ಮೊದಲ ದೋಣಿ ಮಾಡಿದವರು ಜೀವಮಾನವೆಲ್ಲ ಬಾಗಿಲು, ಚೌಕಟ್ಟು ಮಾಡಿದ ನಮ್ಮ ಬಡಿಗೇರ ಅಜ್ಜ. ಮೊಬೈಲಿನಲ್ಲಿ ತೋರಿಸಿದೆವು. ಮೂರು ಸಲ ನೋಡಿ, "ಇಷ್ಟನಾ? ಬಾಗಲ ಅಡ್ಡ ಮಲಗಿಸಿದಂಗ ಅದ" ಅಂದರು.

"ಅಜ್ಜಾ, ಹಗುರ ಇರಬೇಕ್ರಿ" ಅಂದೆ.

"ಹಗುರ ಮಾಡಾಕ ಅದೇನು ಪ್ಯಾಕಿಂಗ್ ಡಬ್ಬಿ ಏನು? ಸಾಗವಾನಿ ಹಾಕ್ತೀನಿ. ಮೂರು ತಲಿಮಾರು ಬಾಳ್ತದ."

ಹಾಕಿದರು. ಮೂತಿಯ ಮೇಲೆ ಎರಡು ಗಿಳಿಗಳನ್ನೂ ಕೆತ್ತಿದರು. ಊರೆಲ್ಲ ಸೇರಿ, ಕಾಯಿ ಒಡೆದು ನೀರಿಗೆ ಬಿಟ್ಟರೆ ಮೊದಲು ಗಿಳಿಗಳು ನೀರು ಕುಡಿದವು, ಆಮೇಲೆ ಉಳಿದ ದೋಣಿಯೂ ಅವುಗಳ ಹಿಂದೆ ಹೋಯಿತು. ಅದನ್ನು ಓಡಿಸಲು ಕೂತಿದ್ದ ನಮ್ಮ ಡ್ರೈವರ್ ಈಜಿ ದಂಡೆಗೆ ಬಂದ. ಅಜ್ಜನ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಏಳುತ್ತಿದ್ದ ಗುಳ್ಳೆಗಳನ್ನೇ ನೋಡುತ್ತ ಚಾಳೀಸು ಒರೆಸಿಕೊಂಡು ಅಂದರು: "ನಾ ಮಾಡಿದ ಬಾಗಲ ಇಲ್ಲೀತನ ಒಂದೂ ಮುಳುಗಿಲ್ಲಪಾ."

ರಾಯಚೂರಿನ ಸಲಹೆ

ಎರಡನೇ ದೋಣಿ ಪ್ಲೈವುಡ್ಡಿನದು. ಅದರ ಎಂಜಿನ್ನಿಗೆ ಸಾಮಾನು ತರಲು ರಾಯಚೂರಿಗೆ ಹೋದೆ. ಅಂಗಡಿಯವರಿಗೆ ಎಲ್ಲ ವಿವರಿಸಿ, ಎಷ್ಟು ಜೋರು ಓಡುತ್ತದೆಂದು ಹೆಮ್ಮೆಯಿಂದ ಹೇಳಿದೆ. ಅವರು ತಲೆಯಾಡಿಸಿದರು. "ಜೋರ ಇರ್ಲಿ ಬಿಡ್ರಿ. ಮೈಲೇಜ್ ನೋಡ್ಕೋರಿ. ನಡು ಹೊಳ್ಯಾಗ ಪೆಟ್ರೋಲ್ ಖಾಲಿ ಆದ್ರ, ಇಳದು ತಳ್ಳಾಕ ಆಗಂಗಿಲ್ಲ."

ಚೀಲ ಕೊಟ್ಟ ಅಮ್ಮ

ಪಂದ್ಯದ ಹಿಂದಿನ ದಿನ ಡ್ರೈವರ್ ಆ ಪ್ಲೈವುಡ್ ದೋಣಿ ಹತ್ತಿ ಕೂತಿದ್ದ. ಹಗಲೆಲ್ಲ ಭತ್ತ ಕೊಯ್ಯುವ ಮಷಿನ್ ಓಡಿಸುವ ಸಾಧು ಮನುಷ್ಯ. ಓಣಿಯ ಮುದುಕಿಯೊಬ್ಬಳು ರೊಟ್ಟಿ ಗಂಟು ಹಿಡಿದು ಬಂದಳು. ಮಗಳನ್ನು ಆಚೆ ದಂಡೆಯ ಊರಿಗೆ ಕೊಟ್ಟಿದ್ದಳು.

"ಆಚಿ ದಂಡಿಗೆ ಬಿಡಪಾ."

"ಯವ್ವಾ, ಇದು ಪಂದ್ಯದ ದೋಣಿ. ಒಬ್ಬರ ಕುಂದ್ರಾಕ ಅಷ್ಟ ಜಾಗ ಅದ."

"ಹಂಗಾರ ನೀ ಇಳಿ. ಚೀಲ ಕೊಟ್ಟಾಕಿ ನಾನು."

ಮಾಲೀಕಳ ಮಾತು ಮೀರುವುದು ಹೇಗೆ? ಮುಂದೆ ಕುಕ್ಕರಗಾಲಲ್ಲಿ ಕೂಡಿಸಿಕೊಂಡು ಹೊರಟ. ನಾವು ದಂಡೆಯಿಂದ ನೋಡಿದೆವು. ಸೆರಗು ಬಾವುಟದಂತೆ ಹಾರಿದ್ದಷ್ಟೇ ಕಂಡಿತು, ದೋಣಿ ಆಚೆ ಮುಟ್ಟಿತ್ತು. ಸಂಜೆ ಹಾಗೇ ವಾಪಸ್ ಬಂದಳು.

"ಬಸ್ಸಿಗಿಂತ ಚೊಲೋ ಅದಾ ಯವ್ವಾ?" ಅಂತ ಕೇಳಿದೆ.

"ಚೊಲೋ ಅದಪಾ. ಆದ್ರ ಸೀಟಿನ ಸಲುವಾಗಿ ಜಗಳಾಡಾಕ ಒಬ್ಬರೂ ಇಲ್ಲ. ಬ್ಯಾಸರ ಬರ್ತದ."

ನಂದಿ ಮತ್ತು ಗರುಡ

ನಮ್ಮ ಮೂರನೇ ದೋಣಿ ಫೈಬರಿನದು. ನಾವು ಗೆದ್ದಿರುವ ಒಂದೇ ಒಂದು ಕಪ್ ಅದರದು, ಅದೂ ಸುಲಭಕ್ಕೆ ಕೈಗೆ ಬರಲಿಲ್ಲ.

ಹೆಸರಿಡುವಾಗ ರೈಸ್‌ಮಿಲ್ ಸಾಹುಕಾರರು 'ನಂದಿ' ಅಂದರು. ಆಚಾರರ ಮನೆಯ ಮೇಷ್ಟ್ರು 'ಗರುಡ' ಅಂದರು. ಇಬ್ಬರದೂ ಒಂದೊಂದೇ ಚೀಲ, ಇಬ್ಬರೂ ಹಟ ಬಿಡಲಿಲ್ಲ. ಕೊನೆಗೆ ಎಡಬದಿಗೆ ಕೆಂಪು ಬಳಿದು ನಂದಿ ಅಂತ, ಬಲಬದಿಗೆ ಹಸಿರು ಬಳಿದು ಗರುಡ ಅಂತ ಬರೆಸಿದೆವು. ಪಂದ್ಯ ದೇವದುರ್ಗದ ಕಡೆ, ಕೃಷ್ಣೆಯಲ್ಲಿ. ಹೆಸರು ನೋಂದಾಯಿಸುವಲ್ಲಿ ಸಾಹುಕಾರರು ಒಂದು ಸಾಲಿನಲ್ಲಿ ನಂದಿ ಎಂದು ಬರೆದು ಬಂದರು. ಮೇಷ್ಟ್ರು ಸುಮ್ಮನಿರುತ್ತಾರೆಯೇ? ಹೋಗಿ ಕೆಳಗಿನ ಸಾಲಿನಲ್ಲಿ ಗರುಡ ಎಂದು ಬರೆದರು.

ದೋಣಿಗಳು ನಡುಗಡ್ಡೆ ಸುತ್ತಿ ಬರಬೇಕು. ಹೋಗುವಾಗ ದಂಡೆಯ ಜನಕ್ಕೆ ಕಂಡದ್ದು ಕೆಂಪು ಬದಿ. "ನಂದಿ ಮುಂದ ಅದ" ಅಂದ ಮೈಕಿನವನು. ನಡುಗಡ್ಡೆಯ ಹಿಂದಿನಿಂದ ತಿರುಗಿ ಬರುವಾಗ ಕಂಡದ್ದು ಹಸಿರು. "ಗರುಡ ಎಲ್ಲಿಂದ ಬಂತೋ ಗೊತ್ತಿಲ್ಲ, ಮೊದಲ ಬಂತು" ಅಂದ. ಉಳಿದ ದೋಣಿಗಳೂ ಬಂದವು. ನಂದಿ ಬರಲೇ ಇಲ್ಲ.

ನಡುಗಡ್ಡೆಯ ಹಿಂದೆ ಮೊಸಳೆಗಳಿವೆ. "ಅಯ್ಯೋ, ನಂದಿ ದೋಣಿ ಮುಳುಗ್ಯದ" ಅಂತ ಕೂಗಿದ ಮೈಕಿನವನು. ನಾವು ಊರವರು ದೂರದಲ್ಲಿ ಟ್ರ್ಯಾಕ್ಟರ್ ಸುತ್ತ ಹಲಗೆ ಬಡಿದು ಕುಣಿಯುತ್ತಿದ್ದೆವು, ಏನೂ ಕೇಳಲಿಲ್ಲ. ನಮ್ಮ ಡ್ರೈವರನಿಗೆ ಹೆಲ್ಮೆಟ್ಟಿನೊಳಗೆ ಕೇಳಿಸಿದ್ದು ಇಷ್ಟೇ: ಯಾರದೋ ದೋಣಿ ಮುಳುಗಿದೆ. ಕಪ್ಪಿಗೂ ಕಾಯದೆ ದೋಣಿ ತಿರುಗಿಸಿದ. ಮೀನುಗಾರರ ಜೊತೆ ಒಂದು ತಾಸು ಬಂಡೆ ಬಂಡೆ ಹುಡುಕಿದ.

ಬರಿಗೈಯಲ್ಲಿ ಬಂದವನು ದಂಡೆಗೆ ದೋಣಿಯನ್ನು ಅಡ್ಡ ನಿಲ್ಲಿಸಿದಾಗ ಕೆಂಪು ಬದಿ ಮೈಕಿನವನ ಎದುರಿಗೇ ಬಂತು. ಅವನು ಓದಿ, ಮೈಕು ಬಂದ್ ಮಾಡಿ ಕೂತುಬಿಟ್ಟ. ಅಷ್ಟರಲ್ಲಿ ಪಂದ್ಯ ನಡೆಸುವ ಹಿರಿಯರು ಡ್ರೈವರನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ಹೋಗಾಗ ಎಲ್ಲಾರ್ಕಿಂತ ಮುಂದ ಒಂದು ದೋಣಿ ಹೊಂಟಿತ್ತಲ್ಲ, ಅದನ್ನ ಎಲ್ಯಾರ ಕಂಡಿಯೇನಪಾ?"

ಅವನು ಹೆಲ್ಮೆಟ್ ತೆಗೆದು, ತಲೆ ತಗ್ಗಿಸಿ ಹೇಳಿದ: "ನನ್ನ ಮುಂದ ಒಂದೂ ದೋಣಿ ಕಾಣಲಿಲ್ರಿ, ಯಪ್ಪಾ. ಪಾಪ, ಭಾಳ ಜೋರ ಹೋಗಿರಬೇಕು ಅದು."